ಕೆಸುವಿನ ಎಲೆಯಲ್ಲಿ ಕುರಿ ಮಾಂಸ: ನಮ್ಮ ಮನೆಯ ಲೌಲೌ

ನನ್ನ ತವರು ಹೊಸನಗರದ ಕಡೆ. ಮಳೆಗಾಲದಲ್ಲಿ ಅಣ್ಣ ಚಿತ್ರದುರ್ಗಕ್ಕೆ ಬಂದರೆ ಚೀಲದಲ್ಲಿ ಕೆಸುವಿನ ಎಲೆ ಇದ್ದೇ ಇರುತ್ತದೆ. ಮೊದಲು ಎಲ್ಲವೂ ಪತ್ರೊಡೆಗೆ ಹೋಗುತ್ತಿತ್ತು. ಈಗ ಅರ್ಧ ಲೌಲೌಗೆ ಎತ್ತಿಡುತ್ತೇನೆ. ಇದು ಹವಾಯಿ ದ್ವೀಪದವರ ಅಡುಗೆ. ಅಲ್ಲಿ ಹಂದಿ ಮಾಂಸ, ಉಪ್ಪು ಮೀನನ್ನು ಕೆಸುವಿನ ಎಲೆಯಲ್ಲಿ ಸುತ್ತಿ, ಹೊರಗೆ ‘ಕೀ’ ಎನ್ನುವ ಗಿಡದ ಎಲೆ ಕಟ್ಟುತ್ತಾರೆ. ಹಿಂದೆ ಗುಂಡಿ ತೋಡಿ, ಕಾದ ಕಲ್ಲುಗಳ ಶಾಖದಲ್ಲಿ ಬೇಯಿಸುತ್ತಿದ್ದರು. ಆ ಒಲೆಗೆ ‘ಇಮು’ ಎಂದು ಹೆಸರು. ಈಗ ಮನೆಗಳಲ್ಲಿ ಹಬೆಯೇ ಸಾಕು.

ಅತ್ತೆಯವರು ಚಳ್ಳಕೆರೆಯವರು. ನಮ್ಮಲ್ಲಿ ಕುರಿ ಮಾಂಸವೇ ರೂಢಿ. 8 ಪೊಟ್ಟಣಕ್ಕೆ 1 ಕೆ.ಜಿ. ಮೆತ್ತನೆ ಮಾಂಸ, ಜೊತೆಗೆ 150 ಗ್ರಾಂ ಕೊಬ್ಬು ಕೇಳಿ ತನ್ನಿ. ಕೊಬ್ಬು ಬಿಡಬೇಡಿ, ಎಲೆ ಬೆಣ್ಣೆಯಂತಾಗುವುದು ಅದು ಕರಗಿ ಇಳಿದಾಗಲೇ. ಎರಡು ಟೀ ಚಮಚ ಕಲ್ಲುಪ್ಪು ಸವರಿ ಒಂದು ಗಂಟೆ ಇಡಿ. ಮಸಾಲೆ ಇಲ್ಲ. “ಖಾರ ಇಲ್ದೆ ಬಾಡೂಟನಾ?” ಎಂದು ಅತ್ತೆ ಕೇಳಿದ್ದರು. ಒಂದು ಸಲ ಹಾಗೇ ತಿಂದು ನೋಡಿ ಅಂದೆ. ಈಗ ಅವರೇ ಎಲೆ ಬಂತಾ ಎಂದು ವಿಚಾರಿಸುತ್ತಾರೆ.

ಪತ್ರೊಡೆಗೆ ಬಳಸುವ ಕೆಸುವೇ ಬೇಕು. ಚರಂಡಿ ಪಕ್ಕದ ಕಾಡು ಕೆಸು ಬೇಡ. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ತೊಟ್ಟು ಕತ್ತರಿಸಿ, ಬೆನ್ನ ಹಿಂದಿನ ದಪ್ಪ ನರ ಹೆರೆಯಿರಿ. ಒಂದು ಪೊಟ್ಟಣಕ್ಕೆ ನಾಲ್ಕೈದು ಎಲೆ ಒಂದರ ಮೇಲೊಂದು ಹಾಸಿ, ದೊಡ್ಡದು ಕೆಳಗೆ. ನಡುವೆ ಮಾಂಸ, ಒಂದು ಚೂರು ಕೊಬ್ಬು ಇಟ್ಟು ಬಿಗಿಯಾಗಿ ಮಡಚಿ. ಕೀ ಎಲೆ ನಮಗೆಲ್ಲಿ ಸಿಗಬೇಕು? ಬಾಳೆ ಎಲೆಯನ್ನು ಉರಿಯ ಮೇಲೆ ಆಡಿಸಿ ಬಾಡಿಸಿಕೊಂಡು ಅದರಲ್ಲಿ ಸುತ್ತಿ. ಹೂವಿನವರ ಹತ್ತಿರ ಸಿಗುವ ಬಾಳೆ ನಾರು ನೆನೆಸಿ ಕಟ್ಟಿದರೆ ಬಿಚ್ಚಿಕೊಳ್ಳುವುದಿಲ್ಲ.

ಇನ್ನು ಬೇಯಿಸುವುದು. ಇಡ್ಲಿ ಪಾತ್ರೆಯಲ್ಲಿ ಪೂರ್ತಿ ನಾಲ್ಕು ಗಂಟೆ, ಸಣ್ಣ ಉರಿಯಲ್ಲಿ. ಮೊದಲ ಸಲ ಮಾಂಸ ಮೆತ್ತಗಾಯಿತೆಂದು ಎರಡೇ ಗಂಟೆಗೆ ಇಳಿಸಿಬಿಟ್ಟೆ. ಊಟಕ್ಕೆ ಕೂತವರಿಗೆಲ್ಲ ಗಂಟಲು ತುರಿಸಿತು. ಚಿಕ್ಕ ಮಗಳು ಅತ್ತೇಬಿಟ್ಟಳು. ಕೆಸುವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿರುತ್ತವೆ, ತುರಿಕೆ ಅದರಿಂದಲೇ. ಪತ್ರೊಡೆಯಲ್ಲಿ ಹುಣಸೆಹಣ್ಣು ಆಸರೆಗೆ ಬರುತ್ತದೆ. ಇಲ್ಲಿ ಅದೂ ಇಲ್ಲ, ಚೆನ್ನಾಗಿ ಬೇಯುವುದೇ ದಾರಿ. ಮಾಂಸ ಬೆಂದಿದೆಯಾ ಎಂದಲ್ಲ, ಎಲೆ ಬೆಂದಿದೆಯಾ ಎಂದು ನೋಡಿ. ಒಂದು ಪೊಟ್ಟಣ ಬಿಚ್ಚಿ ಚಮಚದಲ್ಲಿ ಒತ್ತಿ. ಎಲೆ ಬೆಂದ ಬಸಳೆಯಂತೆ ಕಲಸಿಹೋಗಬೇಕು. ಪದರ ಪದರವಾಗಿ ಕಂಡರೆ ಇನ್ನೂ ಅರ್ಧ ಗಂಟೆ ಬೇಯಲಿ.

ನೀರು ಬತ್ತದ ಹಾಗೆ ನೋಡಿಕೊಳ್ಳಿ. ತಳದಲ್ಲಿ ತೊಳೆದ ಒಂದು ನಾಣ್ಯ ಹಾಕಿ. ಅದರ ಟಕಟಕ ನಿಂತರೆ ನೀರು ಮುಗಿದ ಹಾಗೆ. ತಣ್ಣೀರಲ್ಲ, ಕುದಿಯುವ ನೀರೇ ಸುರಿಯಿರಿ.

ಬಾಳೆ ಎಲೆ ಬಿಡಿಸಿ, ಒಳಗಿನದನ್ನು ಎಲೆ ಸಮೇತ ತಿನ್ನುವುದು. ಹವಾಯಿಯಲ್ಲಿ ಕೆಸುವಿನ ಗಡ್ಡೆ ಬೇಯಿಸಿ ಜಜ್ಜಿದ ‘ಪೋಯಿ’ ಜೊತೆಗಿರುತ್ತದೆ. ನಾವು ಬಿಸಿ ರಾಗಿ ಮುದ್ದೆ ಮುರಿದು, ಪೊಟ್ಟಣದೊಳಗೆ ಇಳಿದ ರಸದಲ್ಲಿ ಅದ್ದಿ ತಿನ್ನುತ್ತೇವೆ. ಆ ರಸ ಚೆಲ್ಲದಂತೆ ತಟ್ಟೆಯಲ್ಲೇ ಬಿಚ್ಚಿ.