ಮೀನು ಕೊಯ್ಯಲು ದಮಾಸ್ಕಸ್ ಚಾಕು: ಕೊಳ್ಳುವುದು, ಮಸೆಯುವುದು, ತುಕ್ಕಿನಿಂದ ಉಳಿಸಿಕೊಳ್ಳುವುದು

ದಮಾಸ್ಕಸ್ ಚಾಕು ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಎರಡು. ಯಾವ ಯಾವ ಉಕ್ಕು ಸೇರಿಸಿ ಬಡಿದದ್ದು? ಗಡಸುತನ ಎಷ್ಟು ರಾಕ್‌ವೆಲ್ (ಉಕ್ಕಿನ ಗಡಸು ಅಳೆಯುವ ಮಾನ)? ಇವೆರಡಕ್ಕೂ ಮಾರುವವರ ಬಳಿ ಉತ್ತರವಿಲ್ಲದಿದ್ದರೆ ಅಲಗಿನ ಗೆರೆ ಎಷ್ಟೇ ಚೆಂದವಿದ್ದರೂ ಹಣ ಬಿಚ್ಚಬೇಡಿ. ಮೀನಿನ ಚರ್ಮ ಸೀಳುವುದು ಚಾಕುವಿನ ಬಾಯಿಯ, ಅಂದರೆ ಕೊಯ್ಯುವ ಅಂಚಿನ, ತುದಿಯ ಕೂದಲೆಳೆಯಷ್ಟು ಉಕ್ಕು. ಅದು ಯಾವ ಉಕ್ಕು, ಅದನ್ನು ಕಾಯಿಸಿ ತಣಿಸಿ ಹದ ಹೇಗೆ ಕೊಟ್ಟರು ಅನ್ನುವುದರ ಮೇಲೆ ಚಾಕುವಿನ ಆಯುಸ್ಸು ನಿಂತಿದೆ.

ಹೆಸರಿನ ಗೊಂದಲವನ್ನು ಮೊದಲು ಬಿಡಿಸೋಣ. ಹಳೆಯ ದಮಾಸ್ಕಸ್ ಕತ್ತಿಗಳ ಉಕ್ಕು ಮಣ್ಣಿನ ಮೂಸೆಯಲ್ಲಿ ಕರಗಿಸಿದ್ದು. ಇಂಗಾಲ ಸುಮಾರು ಶೇ 1.5. ದಕ್ಷಿಣ ಭಾರತದಿಂದ ಹೋದ ಆ ಉಕ್ಕನ್ನು ಪಶ್ಚಿಮದವರು ವೂಟ್ಜ್ ಎಂದರು. ಅದು ನಮ್ಮ ‘ಉಕ್ಕು’ ಪದವೇ ಎಂದು ನಿಘಂಟುಕಾರರು ಹೇಳುತ್ತಾರೆ. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಆ ಮೂಸೆಗಳ ಅವಶೇಷಗಳು ಸಿಕ್ಕಿವೆ. ಇಂದು ಮಾರುಕಟ್ಟೆಯಲ್ಲಿ ಸಿಗುವ ಚಾಕು ಮಾತ್ರ ಬೇರೆ ಜಾತಿಯದು: ಎರಡು ಬಗೆಯ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ, ಕುಲುಮೆಯಲ್ಲಿ ಬಿಳಿಗಾರ ಹಾಕಿ ಬೆಸೆದು, ಮಡಚಿ ಮಡಚಿ ಬಡಿದದ್ದು. ಅಮೆರಿಕದ ಕಮ್ಮಾರ ಬಿಲ್ ಮೊರಾನ್ 1973ರಲ್ಲಿ ಇಂಥ ಚಾಕುಗಳನ್ನು ಪ್ರದರ್ಶಿಸಿದ ಮೇಲೆ ಇದು ಮತ್ತೆ ಚಾಲ್ತಿಗೆ ಬಂತು.

ಯಾವ ಉಕ್ಕು, ಯಾವ ನೀರಿಗೆ

ಹೆಚ್ಚು ಬಳಕೆಯಲ್ಲಿರುವ ಜೋಡಿ 1095 ಮತ್ತು 15ಎನ್20 ಎಂಬ ಉಕ್ಕುಗಳು. ಮೊದಲನೆಯದರಲ್ಲಿ ಇಂಗಾಲ ಸುಮಾರು ಶೇ 0.95, ಎರಡನೆಯದರಲ್ಲಿ ಶೇ 0.75 ಇಂಗಾಲ, ಜೊತೆಗೆ ಶೇ 2ರಷ್ಟು ನಿಕಲ್. ಆಮ್ಲಕ್ಕೆ ಅದ್ದಿದಾಗ 1095 ಕಪ್ಪಾಗುತ್ತದೆ, ನಿಕಲ್ ಇರುವ ಪದರ ಬೆಳ್ಳಗೆ ಉಳಿಯುತ್ತದೆ. ಗೆರೆ ಕಾಣುವುದು ಇಷ್ಟರಿಂದಲೇ. ಎರಡೂ ಒಂದೇ ಬಗೆಯ ಹದಕ್ಕೆ ಒಗ್ಗುವುದರಿಂದ ಜೋಡಿ ಗಟ್ಟಿ. ಆದರೆ ಎರಡರಲ್ಲಿ ಯಾವುದೂ ಸ್ಟೇನ್‌ಲೆಸ್ ಅಲ್ಲ. ಉಪ್ಪುನೀರಿನಲ್ಲಿ ನೆನೆದ ಅಲಗನ್ನು ದೋಣಿಯಲ್ಲಿ ಅರ್ಧ ದಿನ ಹಾಗೇ ಬಿಟ್ಟರೆ ಸಂಜೆಗೆ ಕೆಂಪು ಚುಕ್ಕೆ ಎದ್ದಿರುತ್ತದೆ. ಕಾವೇರಿ, ಭದ್ರಾ, ಕೆರೆಯ ಮೀನಿಗಾದರೆ ಈ ಜೋಡಿ ಸಾಕು.

ಮಲ್ಪೆ, ಕಾರವಾರದ ಕಡೆ ಕಡಲಿಗೆ ಇಳಿಯುವವರು ಸ್ಟೇನ್‌ಲೆಸ್ ದಮಾಸ್ಕಸ್ಸನ್ನೇ ಹುಡುಕಬೇಕು. ಜಪಾನಿನ ಚಾಕುಗಳಲ್ಲಿ ಸಾಮಾನ್ಯವಾದದ್ದು ವಿಜಿ-10 ಎಂಬ ಸ್ಟೇನ್‌ಲೆಸ್ ಉಕ್ಕಿನ ತಿರುಳು, ಎರಡು ಪಕ್ಕಕ್ಕೂ ಮೃದುವಾದ ಪದರಗಳ ಹೊದಿಕೆ. ಇದರಲ್ಲಿ ಬಾಯಿಗೆ ಬರುವುದು ಒಂದೇ ಉಕ್ಕು, ಗೆರೆ ಹೊದಿಕೆಯಲ್ಲಷ್ಟೇ. ಅದು ಮೋಸವಲ್ಲ, ಕೊಯ್ಯುವ ಕೆಲಸಕ್ಕೆ ಇದೇ ಒಳ್ಳೆಯ ರಚನೆ. ಸ್ವೀಡನ್ನಿನ ಡಮಾಸ್ಟೀಲ್ ಬಾಯಿಯವರೆಗೂ ಗೆರೆ ಇರುವ ಸ್ಟೇನ್‌ಲೆಸ್. ದುಬಾರಿ, ಆದರೆ ಉಪ್ಪುನೀರನ್ನು ಚೆನ್ನಾಗಿ ತಡೆಯುತ್ತದೆ.

ಅಳತೆ

ಮುಳ್ಳಿನಿಂದ ಮಾಂಸ ಬಿಡಿಸುವ ಚಾಕುವಿಗೆ 15ರಿಂದ 20 ಸೆಂ.ಮೀ. ಅಲಗು, ಬೆನ್ನು 2 ಮಿ.ಮೀ.ಗಿಂತ ದಪ್ಪವಿರಬಾರದು, ಮೊನೆಯ ಕಡೆ ಬಾಗಬೇಕು. ‘ಫಿಶಿಂಗ್ ನೈಫ್’ ಎಂದು ಮಾರುವ ದಮಾಸ್ಕಸ್ ಚಾಕುಗಳಲ್ಲಿ 4 ಮಿ.ಮೀ. ಬೆನ್ನಿನವು ಬಹಳ. ಅವು ಬೆನ್ನುಮೂಳೆಯ ಮೇಲೆ ಜಾರುವುದಿಲ್ಲ, ಮಾಂಸವನ್ನು ಮೂಳೆಗೆ ಅಂಟಿಸಿಯೇ ಬಿಡುತ್ತವೆ. ಕೆಂಬೇರಿ, ಕೊಡುವಾಯಿಯಂಥ ದೊಡ್ಡ ಮೀನಿನಲ್ಲಿ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ.

ಅಂಜಲನ್ನು ಅಡ್ಡಕ್ಕೆ ತುಂಡು ಮಾಡಲು ಈ ಚಾಕು ಬೇಡವೇ ಬೇಡ. 60 ರಾಕ್‌ವೆಲ್ ಗಡಸಿನ ತೆಳು ಬಾಯಿಯನ್ನು ನಡುಮೂಳೆಗೆ ಒತ್ತಿದರೆ ಚಕ್ಕೆ ಏಳುತ್ತದೆ. ಫ್ರೀಜರಿನಿಂದ ತೆಗೆದ ಮೀನಿಗೂ ಅದೇ ಮಾತು. ಅಡ್ಡ ತುಂಡಿಗೆ ಮನೆಯ ಮೆಟ್ಟುಕತ್ತಿಯೇ ಸರಿ.

ಬೇಟೆ ಚಾಕುವಿನ ಲೆಕ್ಕ ಬೇರೆ: 9–10 ಸೆಂ.ಮೀ. ಅಲಗು, 3ರಿಂದ 3.5 ಮಿ.ಮೀ. ಬೆನ್ನು, ಮೊನೆ ಕೊಂಚ ಕೆಳಕ್ಕೆ ಇಳಿದಿರಬೇಕು, ಚರ್ಮ ಸುಲಿಯುವಾಗ ಕರುಳಿಗೆ ಚುಚ್ಚದಂತೆ. ಅಮೆರಿಕ, ಆಸ್ಟ್ರೇಲಿಯಾದಲ್ಲಿದ್ದು ಪರವಾನಗಿ ಪಡೆದು ಜಿಂಕೆ ಬೇಟೆಗೆ ಹೋಗುವ ಕನ್ನಡಿಗರಿಗೆ ಇದು ಬೇಕಾದೀತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಅಪರಾಧ. ಜಿಂಕೆ, ಕಡವೆ ಕೊಂಬಿನ ವ್ಯಾಪಾರವೂ ಇಲ್ಲಿ ನಿಷಿದ್ಧ. ಕೊಂಬಿನ ಹಿಡಿಯ ಚಾಕು ಯಾರಾದರೂ ತೋರಿಸಿದರೆ ಕೈ ಹಾಕಬೇಡಿ. ಮೀನಿನ ಚಾಕುವಿಗೆ ಮೈಕಾರ್ಟಾ ಅಥವಾ ಜಿ10 (ಬಟ್ಟೆ ಇಲ್ಲವೇ ಗಾಜಿನ ನಾರನ್ನು ರಾಳದಲ್ಲಿ ಒತ್ತಿ ಮಾಡಿದ ಹಲಗೆ) ಹಿಡಿ ಉತ್ತಮ: ಒದ್ದೆ ಕೈಯಲ್ಲೂ ಜಾರದು, ನೀರು ಕುಡಿದು ಉಬ್ಬದು.

ಅಸಲಿಯೋ ನಕಲಿಯೋ

ಗೆರೆಯನ್ನು ಲೇಸರಿನಲ್ಲಿ ಬರೆದು ಮಾರುವುದುಂಟು. ಮೊದಲು ಅಲಗಿನ ಬೆನ್ನು ನೋಡಿ. ಬಡಿದು ಮಾಡಿದ ಚಾಕುವಾದರೆ ಪದರಗಳು ಅಲ್ಲೂ ಕಾಣಬೇಕು. ಬೆನ್ನನ್ನು ಪಾಲಿಶ್ ಮಾಡಿದ್ದರೆ ಕಾಣದೆಯೂ ಇರಬಹುದು, ಅದಕ್ಕೆ ಇನ್ನೊಂದು ಪರೀಕ್ಷೆ ಇದೆ. ಹಿಡಿಯ ಹತ್ತಿರ ಉಗುರಿನಗಲ ಜಾಗವನ್ನು 1000 ನಂಬರಿನ ಮರಳು ಕಾಗದದಿಂದ ಉಜ್ಜಿ. ಅಸಲಿ, ನಕಲಿ ಎರಡರಲ್ಲೂ ಗೆರೆ ಮಾಸುತ್ತದೆ. ಇಷ್ಟಕ್ಕೇ ತೀರ್ಪು ಕೊಡುವುದು ಹಲವರು ಮಾಡುವ ತಪ್ಪು. ಅಲ್ಲಿಗೆ ಉಕ್ಕನ್ನು ತಿನ್ನುವ ಫೆರಿಕ್ ಕ್ಲೋರೈಡ್ ದ್ರಾವಣ (ಬೆರೆಸುವ ಬಗೆ, ಎಚ್ಚರಿಕೆ ‘ಗೆರೆ ಮಾಸಿದಾಗ’ ಭಾಗದಲ್ಲಿದೆ) ಹಚ್ಚಿ ಐದು ನಿಮಿಷ ಬಿಡಿ. ಅಸಲಿಯಲ್ಲಿ ಗೆರೆ ಮರಳಿ ಬರುತ್ತದೆ, ನಕಲಿಯಲ್ಲಿ ಬರೀ ಬೂದು ಬಣ್ಣ.

ಬೆಸುಗೆ ಸರಿಯಾಗಿದೆಯೇ ಎಂದು ನೋಡಲು ಬೆನ್ನಿನ ಉದ್ದಕ್ಕೂ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಳ್ಳುವ ಕಪ್ಪು ಗೀರು ಇದ್ದರೆ ಪದರಗಳ ನಡುವೆ ಕಿಟ್ಟ ಉಳಿದಿದೆ ಎಂದರ್ಥ. ಆ ಸಂದಿಗೆ ಮೀನಿನ ರಕ್ತ, ಉಪ್ಪು ಇಳಿದು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಅದಕ್ಕೆ ರಿಪೇರಿ ಇಲ್ಲ.

ಹದದ ಪರೀಕ್ಷೆಗೆ 6 ಮಿ.ಮೀ. ದಪ್ಪದ ಹಿತ್ತಾಳೆ ಸರಳು ಸಾಕು. ಚಾಕುವನ್ನು ಮಸೆಯುವ ಕೋನದಲ್ಲಿ ಸರಳಿನ ಮೇಲಿಟ್ಟು ಮೆಲ್ಲಗೆ ಒತ್ತಿ. ಬಾಯಿ ಸ್ವಲ್ಪ ಬಾಗುವುದು ಬೆಳಕಿನಲ್ಲಿ ಕಾಣುತ್ತದೆ. ಒತ್ತಡ ಬಿಟ್ಟೊಡನೆ ನೆಟ್ಟಗಾದರೆ ಹದ ಸರಿ. ಬಾಗಿಯೇ ಉಳಿದರೆ ಮೃದು, ಚಕ್ಕೆ ಎದ್ದರೆ ಅತಿ ಗಡಸು. 1095–15ಎನ್20 ಜೋಡಿಗೆ 58ರಿಂದ 61 ರಾಕ್‌ವೆಲ್ ಸರಿಯಾದ ಮಟ್ಟ. ಎಣ್ಣೆಯಲ್ಲಿ ತಣಿಸಿದ ಮೇಲೆ 200 ಡಿಗ್ರಿಯ ಆಸುಪಾಸಿನಲ್ಲಿ ಎರಡೆರಡು ಗಂಟೆಯಂತೆ ಎರಡು ಸಲ ಕಾಯಿಸಿದರೆ ಆ ಮಟ್ಟ ಬರುತ್ತದೆ. ಎರಡನೆಯ ಸಲ ಕಾಯಿಸದೆ ಮುಗಿಸಿದ ಚಾಕುಗಳಲ್ಲಿ ಬಾಯಿ ಚಕ್ಕೆ ಏಳಬಹುದು.

ಮಸೆಯುವುದು

ಮೀನಿನ ಚಾಕುವಿಗೆ ಪಕ್ಕಕ್ಕೆ 15 ಡಿಗ್ರಿ, ಬೇಟೆ ಚಾಕುವಿಗೆ 20. ಕಣ್ಣಂದಾಜು ನಂಬಬೇಡಿ, ಅಳೆಯಿರಿ. ಅಲಗಿನ ಅಗಲ 25 ಮಿ.ಮೀ. ಇದ್ದರೆ 15 ಡಿಗ್ರಿಗೆ ಬೆನ್ನು ಕಲ್ಲಿನಿಂದ 6.5 ಮಿ.ಮೀ. ಮೇಲಿರಬೇಕು, 20 ಡಿಗ್ರಿಗೆ 8.5 ಮಿ.ಮೀ. ನಾಣ್ಯಗಳನ್ನು ಪೇರಿಸಿ ಆ ಎತ್ತರ ಮಾಡಿಕೊಂಡು ಬೆನ್ನನ್ನು ಅದರ ಮೇಲೊರಗಿಸಿ ನೋಡಿದರೆ ಕೈಗೆ ಅಂದಾಜು ಕೂರುತ್ತದೆ. ಬಾಯಿಗೆ ಮಾರ್ಕರಿನ ಮಸಿ ಹಚ್ಚಿ ನಾಲ್ಕು ಸಲ ಎಳೆಯಿರಿ. ಮಸಿ ತೀರ ತುದಿಯವರೆಗೆ ಅಳಿಸಿದ್ದರೆ ಕೋನ ಸರಿ. ಮೇಲ್ಭಾಗದಲ್ಲಷ್ಟೇ ಅಳಿಸಿದ್ದರೆ ಬೆನ್ನು ಇನ್ನೂ ತುಸು ಏಳಬೇಕು.

ಬಾಯಿ ಮೊಂಡಾಗಿದ್ದರೆ 400 ನಂಬರಿನ ಮಸೆಗಲ್ಲಿನಿಂದ (ನಂಬರ್ ಹೆಚ್ಚಿದಷ್ಟೂ ಕಲ್ಲು ನಯ), ಇಲ್ಲವಾದರೆ ನೇರ 1000ದಿಂದ ಆರಂಭಿಸಿ. ಒಂದು ಪಕ್ಕ ಮಸೆಯುತ್ತಾ ಎದುರು ಪಕ್ಕಕ್ಕೆ ಬೆರಳು ಸವರಿದಾಗ ಸಣ್ಣ ಮಡಿಕೆ ಹಿಡಿಯಿಂದ ಮೊನೆಯವರೆಗೆ ತಗಲುವ ತನಕ ಮಗ್ಗುಲು ಬದಲಿಸಬೇಡಿ. ಇದನ್ನು ಬರ್ ಎನ್ನುತ್ತಾರೆ. ಅದು ಎಲ್ಲಿ ಎದ್ದಿಲ್ಲವೋ ಅಲ್ಲಿ ಬಾಯಿ ಬಂದಿಲ್ಲ. ಎರಡೂ ಪಕ್ಕ ಆದ ಮೇಲೆ 3000ದ ಕಲ್ಲು, ಕೊನೆಗೆ ಪಾಲಿಶಿನ ಹಸಿರು ಪೇಸ್ಟ್ ಹಚ್ಚಿದ ಚರ್ಮದ ಪಟ್ಟಿಯ ಮೇಲೆ ಬೆನ್ನಿನ ಕಡೆಗೆ ಹತ್ತು ಸಲ ಎಳೆತ. ಬಾಯಿ ಮುಂದಾಗಿ ಎಳೆದರೆ ಚರ್ಮ ಕೊಯ್ದುಹೋಗುತ್ತದೆ. ಪೇಟೆಯ ವಿದ್ಯುತ್ ಚಕ್ರಕ್ಕೆ ಕೊಡಲೇಬೇಡಿ: ತೆಳು ಬಾಯಿ ಕಾದು ನೀಲಿಯಾದರೆ ಅಲ್ಲಿನ ಹದ ಹೋಯಿತು, ಆ ಭಾಗ ಪೂರ್ತಿ ಸವೆಯುವವರೆಗೂ ಮೊನಚು ನಿಲ್ಲದು.

ದಿನದ ಆರೈಕೆ

ಕೆಲಸ ಮುಗಿದೊಡನೆ ಸಿಹಿನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಕೊನೆಯಲ್ಲೊಮ್ಮೆ ಬಿಸಿನೀರು ಹೊಯ್ದರೆ ಅಲಗು ತಾನಾಗಿ ಒಣಗುತ್ತದೆ. ಕರಾವಳಿಯ ಮನೆಗಳಲ್ಲಿ ಮೀನನ್ನು ಉಪ್ಪು, ಹುಣಸೆಹುಳಿ ಹಾಕಿ ತಿಕ್ಕುವ ರೂಢಿ ಇದೆಯಲ್ಲ, ಆ ಹುಳಿನೀರು ಚಾಕುವಿಗೆ ತಾಗದಿರಲಿ. ಹುಣಸೆ, ನಿಂಬೆ, ಪುನರ್ಪುಳಿ ಯಾವುದಾದರೂ ಕಾರ್ಬನ್ ಉಕ್ಕಿನ (1095–15ಎನ್20ರಂಥ ಸ್ಟೇನ್‌ಲೆಸ್ ಅಲ್ಲದ ಉಕ್ಕು) ಮೇಲೆ ಕಲೆ ಬಿಡುತ್ತದೆ. ಹಸಿರು ಸ್ಕ್ರಬ್ಬರ್ ಗೆರೆಯನ್ನೇ ತಿಕ್ಕಿ ತೆಗೆಯುತ್ತದೆ, ಸ್ಪಂಜು ಬಳಸಿ.

ಸವರಲು ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಎರಡು ಹನಿ ಸಾಕು. ಅದು ಹಳಸುವುದಿಲ್ಲ, ಆಹಾರಕ್ಕೆ ತಾಗಿದರೂ ತೊಂದರೆಯಿಲ್ಲ. ಸೂರ್ಯಕಾಂತಿ ಎಣ್ಣೆ ಒಣಗಿ ಅಂಟಾಗುತ್ತದೆ. ಚರ್ಮದ ಒರೆ ಸಾಗಿಸಲು ಮಾತ್ರ. ಮಳೆಗಾಲದಲ್ಲಿ ಒರೆಯೊಳಗೇ ವಾರಗಟ್ಟಲೆ ಬಿಟ್ಟರೆ ಚರ್ಮ ತೇವ ಹಿಡಿದು ಅಲಗಿಗೆ ತುಕ್ಕು ಕೊಡುತ್ತದೆ. ಕೆಂಪು ಚುಕ್ಕೆ ಕಂಡರೆ ಎಣ್ಣೆಯೊಡನೆ 0000 ನಂಬರಿನ ಸ್ಟೀಲ್ ವೂಲಿನಿಂದ ಆ ಜಾಗವನ್ನಷ್ಟೇ ಹಗುರವಾಗಿ ಉಜ್ಜಿ.

ಗೆರೆ ಮಾಸಿದಾಗ

ಕಾರ್ಬನ್ ಜೋಡಿಯ ಗೆರೆಯನ್ನು ಮನೆಯಲ್ಲೇ ಮರಳಿ ತರಬಹುದು. ಅಲಗನ್ನು 400, 600, 1000 ನಂಬರಿನ ಮರಳು ಕಾಗದದಿಂದ ಉದ್ದಕ್ಕೆ ಮಾತ್ರ ಉಜ್ಜಿ. ಹಿಂದಿನ ನಂಬರಿನ ಗೀರು ಪೂರ್ತಿ ಹೋಗದೆ ಮುಂದಿನದಕ್ಕೆ ದಾಟಿದರೆ ಆಮ್ಲ ಆ ಗೀರನ್ನೇ ಎತ್ತಿ ತೋರಿಸುತ್ತದೆ. ಅಸಿಟೋನಿನಲ್ಲಿ ಒರೆಸಿದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಇದ್ದಲ್ಲಿ ಗೆರೆ ಹಿಡಿಯದು.

ಫೆರಿಕ್ ಕ್ಲೋರೈಡ್ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಗಳಲ್ಲಿ ಸಿಗುತ್ತದೆ, ಬೆಂಗಳೂರಾದರೆ ಎಸ್‌ಪಿ ರಸ್ತೆ. ಸುಮಾರು ಶೇ 40ರ ದ್ರಾವಣ ಒಂದು ಪಾಲಿಗೆ ಡಿಸ್ಟಿಲ್ಡ್ ವಾಟರ್ ಮೂರು ಪಾಲು. ಹರಳಿನ ರೂಪದ್ದಾದರೆ ಅದನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಿ, ಬಿಸಿ ಏಳುತ್ತದೆ. ಕೈಗವಸು, ಕನ್ನಡಕ ಕಡ್ಡಾಯ. ಪಾತ್ರೆ ಪ್ಲಾಸ್ಟಿಕ್ಕಿನದೇ ಆಗಿರಲಿ, ಕೆಲಸ ಬಯಲಿನಲ್ಲಿರಲಿ. ಹಿಡಿಗೆ ಟೇಪು ಸುತ್ತಿ ಅಲಗನ್ನು ನೆಟ್ಟಗೆ ಇಳಿಬಿಟ್ಟು ಐದು ನಿಮಿಷ. ತೆಗೆದು ಕಪ್ಪು ಮಸಿಯನ್ನು 2000 ಕಾಗದದಿಂದ ಒರೆಸಿ, ಮತ್ತೆ ಐದು ನಿಮಿಷ. ಮೂರು ಸುತ್ತಿಗೆ ಬೆರಳಿಗೆ ತಿಳಿಯುವಷ್ಟು ಏರಿಳಿತ ಬರುತ್ತದೆ. ಲೀಟರ್ ನೀರಿಗೆ ಎರಡು ಚಮಚ ಅಡಿಗೆ ಸೋಡಾ ಕದಡಿ ಹತ್ತು ನಿಮಿಷ ಮುಳುಗಿಸಿ. ಈ ಹಂತ ಬಿಟ್ಟವರ ಚಾಕು ಮರುದಿನವೇ ಕೆಂಪಾಗುತ್ತದೆ.

ಕಪ್ಪು ಇನ್ನೂ ಗಾಢವಾಗಬೇಕಿದ್ದರೆ ಲೀಟರ್ ಬಿಸಿನೀರಿಗೆ 60 ಗ್ರಾಂ ಇನ್‌ಸ್ಟಂಟ್ ಕಾಫಿಪುಡಿ ಕರಗಿಸಿ, ತಣಿಸಿ, ಅದರಲ್ಲಿ ಅಲಗನ್ನು ನಾಲ್ಕರಿಂದ ಎಂಟು ಗಂಟೆ ನಿಲ್ಲಿಸಿ. ಎತ್ತಿದ ಮೇಲೆ ತಿಕ್ಕದೆ ತೊಳೆದು, ಒಣಗಿಸಿ, ಎಣ್ಣೆ ಸವರಿ.

ಉಳಿದ ಫೆರಿಕ್ ಕ್ಲೋರೈಡ್ ದ್ರಾವಣವನ್ನು ಸ್ಟೀಲ್ ಸಿಂಕಿಗೆ ಸುರಿಯಬೇಡಿ, ಸಿಂಕನ್ನೇ ತಿನ್ನುತ್ತದೆ. ಮುಚ್ಚಳ ಬಿಗಿದು ಹೆಸರು ಬರೆದು ಎತ್ತಿಟ್ಟರೆ ಮತ್ತೆ ಹಲವು ಸಲ ಬಳಸಬಹುದು. ಆಮ್ಲ ಬಾಯಿಯ ಮೊನಚನ್ನೂ ತಿಂದಿರುತ್ತದೆ, ಆದ್ದರಿಂದ ಮಸೆಯುವುದು ಎಲ್ಲ ಮುಗಿದ ಮೇಲೆ: 1000, 3000, ಚರ್ಮದ ಪಟ್ಟಿ.