ಬೊಡ್ಡೆಯಲ್ಲಿ ಅಣಬೆ ಎದ್ದ ಬೇವು

ಆ ಬೇವಿನ ತಲೆಯನ್ನಷ್ಟೇ ನೋಡಿದವರು ಅದಕ್ಕೆ ರೋಗವಿದೆ ಎಂದರೆ ನಂಬುತ್ತಿರಲಿಲ್ಲ. ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲೂ ಚಿಗುರು ತುಂಬಿ ನಿಂತಿತ್ತು. ನೆರಳಿಗೊಂದು ಚಹಾದಂಗಡಿ. ನಾನು ಮರದ ಸುತ್ತಿಗೆಯನ್ನು ಚೀಲದಿಂದ ತೆಗೆದ ಕೂಡಲೇ ಅಂಗಡಿಯ ಅಜ್ಜಿ, “ಕಡಿಸಬೇಡಪ್ಪಾ, ನಮಗೆ ಇದೇ ಮಾಳಿಗೆ” ಎಂದರು.

ನಾನು ಯಾವಾಗಲೂ ಬುಡದಿಂದಲೇ ಶುರುಮಾಡುತ್ತೇನೆ. ಬೊಡ್ಡೆಗೆ ಒತ್ತಿ ಹಾಸಿದ್ದ ಶಹಾಬಾದ್ ಫರ್ಸಿಯನ್ನು ಎಬ್ಬಿಸಿದಾಗ, ಚರಂಡಿಯ ಕಡೆಯ ಸಂದಿನಲ್ಲಿ ಅಂಗೈಯಗಲದ ಅಣಬೆ ಸಿಕ್ಕಿತು. ಹಿಂದಿನ ಮಳೆಗಾಲದ್ದು, ಒಣಗಿ ಕಟ್ಟಿಗೆಯಾಗಿತ್ತು. ಮೇಲೆ ವಾರ್ನಿಷ್ ಬಳಿದಂಥ ಕೆಂಗಂದು ಮೆರುಗು ಮಾತ್ರ ಮಾಸಿರಲಿಲ್ಲ. ಗ್ಯಾನೋಡರ್ಮಾ, ಮರವನ್ನು ಕೊಳೆಸುವ ಶಿಲೀಂಧ್ರ. ಇದು ಹೊರಗೆ ಕಾಣಿಸುವಷ್ಟರಲ್ಲಿ ಒಳಗೆ ಎಷ್ಟೋ ಕಾಲದಿಂದ ಮರವನ್ನು ತಿನ್ನುತ್ತಿರುತ್ತದೆ. ಎರೆಮಣ್ಣನ್ನು ಕೆದಕಿದರೆ, ಚರಂಡಿ ತೋಡುವಾಗ ಕತ್ತರಿಸಿದ ಮಣಿಕಟ್ಟು ದಪ್ಪದ ಬೇರುಗಳು. ರೋಗ ಒಳಹೊಕ್ಕಿದ್ದು ಅಲ್ಲಿಂದಲೇ ಎಂಬುದು ನನ್ನ ತೀರ್ಮಾನ.

ಗೇಣಿಗೊಂದು ಪೆಟ್ಟಿನಂತೆ ಸುತ್ತಲೂ ಬಡಿದೆ. ಗಟ್ಟಿ ಜಾಗ ಟಕ್ ಎಂದಿತು. ಚರಂಡಿಯ ಕಡೆ ಖಾಲಿ ಡಬ್ಬದ ಸದ್ದು. ಸದ್ದು ಬದಲಾದಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿದೆ. ಮರದ ಗಾಯ ನಮ್ಮ ಗಾಯದಂತೆ ಮಾಯುವುದಿಲ್ಲ. ಮರ ಅದರ ಸುತ್ತ ಗೋಡೆ ಕಟ್ಟಿ ಕೊಳೆಯನ್ನು ಒಳಗೇ ತಡೆಯುತ್ತದೆ. ಡ್ರಿಲ್ ಆ ಗೋಡೆಯನ್ನೇ ಒಡೆಯುವುದರಿಂದ ಮೂರು ತೂತಿಗೆ ನಿಲ್ಲಿಸಿದೆ, ಅದೂ ಸಣ್ಣ ಮೊನೆಯಿಂದ. ಎರಡರಲ್ಲಿ 20 ಸೆಂಟಿಮೀಟರ್ ಆಳದವರೆಗೂ ಕೆಂಪು ಒಣ ಹೊಟ್ಟು ಬಂತು. ಮೂರನೆಯದರಲ್ಲಿ 6 ಸೆಂಟಿಮೀಟರಿಗೇ ಮೊನೆ ಜಾರಿತು, ಬಿಳಿಚಿದ ಒದ್ದೆ ನಾರು ಹೊರಬಂತು.

ಸುತ್ತಳತೆ 220 ಸೆಂಟಿಮೀಟರ್, ಅಂದರೆ ತ್ರಿಜ್ಯ 35. ಟೊಳ್ಳಿನ ಸುತ್ತ ಅದರ ಮೂರನೇ ಒಂದರಷ್ಟು, ಸುಮಾರು 12 ಸೆಂಟಿಮೀಟರ್ ಗಟ್ಟಿ ಮರ ಇರಬೇಕು ಎಂಬುದು ರೂಢಿಯ ಲೆಕ್ಕ. ಬೇರು ಕಳೆದುಕೊಂಡ ಮರಕ್ಕೆ ಆ ಲೆಕ್ಕವನ್ನೂ ನೆಚ್ಚುವಂತಿಲ್ಲ. ಆದರೂ ನನಗೆ ಕಡಿಯಿರಿ ಎಂದು ಬರೆಯಲು ಮನಸ್ಸು ಬರಲಿಲ್ಲ. ಮೇ ತಿಂಗಳ ಬಿರುಗಾಳಿಗೆ ಮುಂಚೆ ಕೊಂಬೆಗಳ ಭಾರ ಇಳಿಸಿ, ಅಂಗಡಿಯನ್ನು ಮರ ಬಿದ್ದರೂ ತಾಗದಷ್ಟು ದೂರ ಇಡಿಸಿ, ಮಳೆಗಾಲ ಮುಗಿದ ಮೇಲೆ ಮತ್ತೆ ನೋಡುತ್ತೇನೆ ಎಂದು ಬರೆದೆ.

ಅಕ್ಟೋಬರ್‌ನಲ್ಲಿ ಹೋದಾಗ ಗಟ್ಟಿ ಎಂದುಕೊಂಡಿದ್ದ ಕಡೆಯೂ ಹೊಸ ಅಣಬೆ ಎದ್ದಿತ್ತು, ಅಂಚು ಇನ್ನೂ ಬೆಳ್ಳಗೆ. 1976ರ ಮರ ಸಂರಕ್ಷಣಾ ಕಾಯ್ದೆಯಂತೆ ವೃಕ್ಷ ಅಧಿಕಾರಿಯ ಅನುಮತಿಗೆ ಈ ಬಾರಿ ನಾನೇ ವರದಿ ಬರೆದೆ.

ಕೊಯ್ದ ದಿನ ಅಜ್ಜಿ ಬೊಡ್ಡೆಯ ಟೊಳ್ಳಿನೊಳಗೆ ಮೊಣಕೈವರೆಗೆ ಕೈ ಇಳಿಸಿದರು. ಬೆರಳಿಗಂಟಿದ ಬಿಳಿ ನಾರನ್ನು ಬಹಳ ಹೊತ್ತು ನೋಡಿ, ಸೆರಗಿಗೆ ಒರೆಸಿಕೊಂಡರು.