ಮಾದಪ್ಪನಿಗೆ ಮೀಸಲಿಟ್ಟ ಮುಡಿ: ನನ್ನ ಕಿರುಚಿತ್ರದ ಅನುಭವ

ಕಾಯಿಲೆ ಬಿದ್ದ ಮಗು, ದೇವರಿಗೆ ಹರಕೆ ಹೊತ್ತ ತಾಯಿ. ಇಷ್ಟನ್ನೇ ಇಟ್ಟುಕೊಂಡು ನಾನೊಂದು ಕಿರುಚಿತ್ರ ಮಾಡಿದೆ. ಬರೆಯಲು ಕೂತಾಗಿನಿಂದ ಒಂದೇ ಯೋಚನೆ. ಇದನ್ನು ನೋಡುವವರಲ್ಲಿ ಮಗುವನ್ನು ಕಳೆದುಕೊಂಡ ಅಪ್ಪ ಅಮ್ಮನೂ ಇರುತ್ತಾರೆ ಅಲ್ವಾ? ಅವರೂ ಅಷ್ಟೇ ಭಕ್ತಿಯಿಂದ ಬೇಡಿಕೊಂಡವರು. ಭಕ್ತಿ ಇದ್ದದ್ದರಿಂದ ಮಗು ಉಳಿಯಿತು ಎಂದು ನನ್ನ ಸಿನಿಮಾ ಹೇಳಿದರೆ, ನಿಮ್ಮ ಭಕ್ತಿ ಸಾಲಲಿಲ್ಲ ಎಂದು ಅವರಿಗೆ ಹೇಳಿದ ಹಾಗಾಗುತ್ತದೆ. ಆ ಮಾತು ನನ್ನಿಂದ ಬರಬಾರದು.

2016ರಲ್ಲಿ ಬಂದ ಅಮೆರಿಕದ 'ಮಿರಾಕಲ್ಸ್ ಫ್ರಮ್ ಹೆವನ್' ಚಿತ್ರವನ್ನು ಇದೇ ಕಾರಣಕ್ಕೆ ಮತ್ತೆ ಮತ್ತೆ ನೋಡಿದೆ. ಟೆಕ್ಸಸ್‌ನ ಒಂದು ಕುಟುಂಬದ ನಿಜ ಕಥೆ ಅದು. ಕರುಳಿನ ಕಾಯಿಲೆಯ ಹುಡುಗಿ ಪೊಳ್ಳು ಮರದೊಳಗೆ ಬಿದ್ದು, ಆಮೇಲೆ ಗುಣವಾಗುತ್ತಾಳೆ. ಆದರೆ ಅದೇ ಚಿತ್ರದಲ್ಲಿ ಆಸ್ಪತ್ರೆಯ ಇನ್ನೊಂದು ಹುಡುಗಿ ಉಳಿಯುವುದಿಲ್ಲ. ಕೊನೆಗೆ ಎದ್ದು ನಿಂತು ಮಾತಾಡುವವನು ಆ ಹುಡುಗಿಯ ಅಪ್ಪ. ಮಗಳನ್ನು ಕಳೆದುಕೊಂಡವನಿಗೂ ಕಥೆಯಲ್ಲಿ ಜಾಗ ಕೊಟ್ಟಿದ್ದಾರೆ. ನನಗೆ ಆ ಪವಾಡಕ್ಕಿಂತ ಇದು ದೊಡ್ಡದಾಗಿ ಕಂಡಿತು.

ನನ್ನ ಕಥೆಯ ಹುಡುಗನಿಗೆ ಬರುವುದು ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ಒಂದು ಬಗೆಯ ರಕ್ತದ ಕ್ಯಾನ್ಸರ್. ಮಕ್ಕಳಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಅದು. ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಮೊದಲ ತಿಂಗಳು ಕಷ್ಟದ್ದು. ಸ್ಟೀರಾಯ್ಡ್‌ನಿಂದ ಮುಖ ಊದಿಕೊಳ್ಳುತ್ತದೆ. ಮಗು ನಡುರಾತ್ರಿ ಎದ್ದು ಅನ್ನ ಕೇಳುತ್ತದೆ, ಸುಮ್ಸುಮ್ನೆ ರೇಗುತ್ತದೆ. ಚಿಕಿತ್ಸೆಯ ಕೊನೆಯ ಹಂತದಲ್ಲಿ ಮನೆಯಲ್ಲೇ ದಿನಾ ಮಾತ್ರೆ. ಮಗು ಆಡಿಕೊಂಡಿರುತ್ತದೆ, ಆದರೆ ಜ್ವರ ಬಂದರೆ ಬೆಳಗಿನ ತನಕ ಕಾಯುವ ಹಾಗಿಲ್ಲ, ಆಗಲೇ ಆಸ್ಪತ್ರೆಗೆ ಓಡಬೇಕು. ಒಂದು ಕೆಮ್ಮು, ಕರ್ಚೀಫಿನಲ್ಲಿ ರಕ್ತ, ಮುಂದಿನ ಸೀನಿನಲ್ಲಿ ಫೋಟೋಗೆ ಹಾರ, ಹೀಗೆ ತೋರಿಸಿದರೆ ಈ ಮನೆಗಳು ಪಡುವ ಪಾಡಿಗೆ ನ್ಯಾಯ ಸಿಗುವುದಿಲ್ಲ.

ಕುಟುಂಬ ಮಳವಳ್ಳಿ ಕಡೆಯದು, ಮನೆದೇವರು ಮಲೆ ಮಹದೇಶ್ವರ, ಅಂದರೆ ಮಾದಪ್ಪ. ಮಗನ ಮುಡಿಯನ್ನು ಬೆಟ್ಟದಲ್ಲಿ ಕೊಡುತ್ತೇನೆಂದು ತಾಯಿ ಹರಕೆ ಹೊರುತ್ತಾಳೆ. ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ ಮುಡಿಪು ಇಡುತ್ತಾಳೆ. ಕೀಮೋ ಶುರುವಾಗಿ ಎರಡು ಮೂರು ವಾರಕ್ಕೆ ಆ ಕೂದಲು ದಿಂಬಿನ ಮೇಲೆ ಉದುರುತ್ತದೆ. ದೇವರಿಗೆ ಮೀಸಲಾದದ್ದು ವಾರ್ಡಿನ ಕಸದ ಬುಟ್ಟಿ ಸೇರುತ್ತದೆ. ದೇವರು ಮುನಿದಿದ್ದಾನೆ, ಚಿಕಿತ್ಸೆ ಬಿಟ್ಟು ಮೊದಲು ಬೆಟ್ಟಕ್ಕೆ ಹೋಗೋಣ ಅಂತ ಅತ್ತೆ ಹಟ ಹಿಡಿಯುತ್ತಾಳೆ.

ಸಿನಿಮಾದ ಜೀವ ಇರುವುದು ಇಲ್ಲಿ. ಡಾಕ್ಟರ್ ಬಾಯಿಂದ ಭಾಷಣ ಮಾಡಿಸಲು ನನಗೆ ಇಷ್ಟವಿರಲಿಲ್ಲ. ದೇವರು ಒಂದು ಕಡೆ, ಆಸ್ಪತ್ರೆ ಇನ್ನೊಂದು ಕಡೆ ಅನ್ನುವ ಜಗಳ ಎಷ್ಟೋ ಮನೆಗಳಲ್ಲಿ ಇರುವುದೇ ಇಲ್ಲ. ಒಂದೇ ಕೈ ಮಾತ್ರೆಯನ್ನೂ ಕೊಡುತ್ತದೆ, ವಿಭೂತಿಯನ್ನೂ ಹಚ್ಚುತ್ತದೆ. ಅದಕ್ಕೆ ಮಾತನ್ನು ಊರಿನ ದೇವರಗುಡ್ಡ ತಾತನಿಗೆ ಕೊಟ್ಟೆ. ಜೀವನವಿಡೀ ಕಂಸಾಳೆ ಹಿಡಿದು ಮಾದಪ್ಪನನ್ನು ಹಾಡಿದವನು. ಅವನು ಹೇಳುವುದು ಇಷ್ಟೇ: "ಮಾದಪ್ಪ ಕೂದ್ಲಿಗೆ ಕಾಯ್ತಾನೆ ಕಣವ್ವ. ಡಾಕ್ಟ್ರು ಕೊಟ್ಟಿರೋ ತಾರೀಖು ಕಾಯಾಕಿಲ್ಲ."

ಪಕ್ಕದ ಹಾಸಿಗೆಯ ಮಗು ಉಳಿಯುವುದಿಲ್ಲ. ಆ ತಾಯಿಯೂ ಮುಡಿಪು ಕಟ್ಟಿದ್ದವಳೇ. ಕೊನೆಯಲ್ಲಿ ಇವರು ಬೆಟ್ಟಕ್ಕೆ ಹೊರಟಾಗ ಆಕೆ ಬಂದು ತನ್ನ ಮುಡಿಪನ್ನೂ ಇವರ ಕೈಗೆ ಕೊಡುತ್ತಾಳೆ. ಯಾಕೆ ಕೊಟ್ಟಳು ಅನ್ನುವುದಕ್ಕೆ ಒಂದು ಸಾಲೂ ಬರೆದಿಲ್ಲ. ಅದು ಅವಳ ಮತ್ತು ಮಾದಪ್ಪನ ನಡುವಿನದು.

ಶೂಟಿಂಗ್ ಬಗ್ಗೆ ಸ್ವಲ್ಪ ಹೇಳಬೇಕು. ನಿಜವಾದ ಮಕ್ಕಳ ಕ್ಯಾನ್ಸರ್ ವಾರ್ಡು ಬೇಡವೇ ಬೇಡ ಎಂದು ಮೊದಲೇ ತೀರ್ಮಾನಿಸಿದ್ದೆ. ರೋಗ ತಡೆಯುವ ಶಕ್ತಿ ಕುಗ್ಗಿದ ಮಕ್ಕಳ ನಡುವೆ ಇಡೀ ತಂಡ ನುಗ್ಗುವುದು ತಪ್ಪು. ಖಾಲಿ ಕೋಣೆಯಲ್ಲಿ ವಾರ್ಡ್ ಸೆಟ್ ಹಾಕಿದೆವು. ಬಾಲನಟರಿಗೆ ಕಾನೂನು ಇದೆ: ಜಿಲ್ಲಾಧಿಕಾರಿಯ ಅನುಮತಿ ಬೇಕು, ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ಕೆಲಸವಿಲ್ಲ, ಬಿಡುವಿಲ್ಲದೆ ಮೂರು ಗಂಟೆ ದಾಟುವ ಹಾಗಿಲ್ಲ. ಸಂಭಾವನೆಯಲ್ಲಿ ಕನಿಷ್ಠ ಶೇ. 20 ಮಗುವಿನ ಹೆಸರಿನಲ್ಲೇ ಬ್ಯಾಂಕ್ ಠೇವಣಿ ಆಗಬೇಕು. ಚಿಕ್ಕ ಸಿನಿಮಾ ತಾನೇ ಅಂತ ಇದನ್ನು ಬಿಡಬೇಡಿ. ಹುಡುಗನ ಕೈಗೆ ಸೂಜಿಯಿಲ್ಲದ ಕ್ಯಾನುಲಾವನ್ನು (ಡ್ರಿಪ್ ಹಾಕುವ ಸಣ್ಣ ನಳಿಕೆ) ಟೇಪಿನಲ್ಲಿ ಅಂಟಿಸಿದೆವು. ಇಡೀ ಕಥೆಯನ್ನು ಅವನಿಗೆ ಮೊದಲೇ ಹೇಳಿದ್ದೆ. ಹೆದರಿಸಿ ಅಳಿಸುವುದಕ್ಕಿಂತ ಅರ್ಥ ಮಾಡಿಸಿದರೆ ಮಕ್ಕಳು ಎಷ್ಟೋ ಚೆನ್ನಾಗಿ ಮಾಡುತ್ತಾರೆ.

ಹುಡುಗ ಪೂರ್ತಿ ಹುಷಾರಾದನಾ ಎಂದು ನೋಡಿದವರು ಕೇಳುತ್ತಾರೆ. ಮುಡಿ ಕೊಟ್ಟಾಗ ಇನ್ನೂ ಒಂದು ವರ್ಷದ ಮಾತ್ರೆ ಬಾಕಿ ಇದೆ, ಅದನ್ನು ಅವರು ತಪ್ಪಿಸುವುದಿಲ್ಲ ಎಂದು ಹೇಳುತ್ತೇನೆ.